ಅಲಾಯ್ ಬದಲಿಸಿ, ಗಾಡಿ ಇಳಿಸಿದ ಮೇಲೆ ಬರುವ ತೊಂದರೆಗಳು: ಮೂಲ ಹುಡುಕುವ ಬಗೆ

ದೊಡ್ಡ ಅಲಾಯ್ ವೀಲ್ ಹಾಕಿಸಿ, ಸ್ಪ್ರಿಂಗ್ ಬದಲಿಸಿ ಕಾರನ್ನು ನೆಲಕ್ಕೆ ಹತ್ತಿರ ತಂದ ಮೇಲೆ ಕೇಳಿಬರುವ ದೂರುಗಳು ಬೆಳಗಾವಿಯಲ್ಲೂ ಒಂದೇ, ಬಾಗಲಕೋಟೆಯಲ್ಲೂ ಒಂದೇ. ತೊಂಬತ್ತು ದಾಟಿದರೆ ಸ್ಟೀರಿಂಗ್ ನಡುಗುತ್ತದೆ. ಹಂಪ್ ಮೇಲೆ ಹಿಂದಿನಿಂದ ಧಡ್ ಅನ್ನುತ್ತದೆ. ನಾಲ್ಕು ಜನ ಕೂತರೆ ಟಯರ್ ಎಲ್ಲೋ ಉಜ್ಜಿದ ಸದ್ದು. ಕೆಲವೇ ತಿಂಗಳಲ್ಲಿ ಟಯರಿನ ಒಳ ಅಂಚು ಬೋಳು. "ಅಣ್ಣಾರ, ನೋಡಾಕ ಮಸ್ತ್ ಐತ್ರಿ, ಆದ್ರ ಗಾಡಿ ಮೊದ್ಲಿನಂಗ ಓಡವಲ್ದು" ಎಂದು ಹುಡುಗರು ಬಂದು ನಿಲ್ಲುತ್ತಾರೆ.

ಇಂಥ ಗಾಡಿಗಳಲ್ಲಿ ಸಾಮಾನು ಕೆಟ್ಟಿರುವುದು ಕಡಿಮೆ. ಹೊಸ ಶಾಕಪ್, ಹೊಸ ಬೇರಿಂಗ್ ಎಂದು ಖರ್ಚು ಮಾಡಿದರೂ ತೊಂದರೆ ಅಲ್ಲೇ ಇರುತ್ತದೆ. ಅಂದಕ್ಕೆ ಅಂತ ಮಾಡಿದ ಪ್ರತಿ ಬದಲಾವಣೆಯೂ ಗಾಡಿಯಿಂದ ಏನನ್ನೋ ತೆಗೆದುಕೊಂಡಿರುತ್ತದೆ. ಟಯರಿನ ಗೋಡೆಯ ಎತ್ತರ, ಸ್ಪ್ರಿಂಗ್ ಕುಗ್ಗಲು ಇದ್ದ ಜಾಗ, ವೀಲ್ ಕೂರಬೇಕಾದ ಸ್ಥಾನ, ಇವುಗಳಲ್ಲಿ ಯಾವುದನ್ನು ಜಾಸ್ತಿ ತೆಗೆದಿದ್ದೇವೆ ಎಂದು ಹುಡುಕಬೇಕು. ಅದು ಸಿಕ್ಕರೆ ಎಷ್ಟನ್ನು ವಾಪಸ್ ಕೊಡಬೇಕು ಅನ್ನೋದೂ ತಿಳಿಯುತ್ತದೆ. ಎಲ್ಲವನ್ನೂ ಕಿತ್ತು ಹಳೆಯದಕ್ಕೆ ಹೋಗಬೇಕಾಗಿಲ್ಲ.

ಹುಡುಕುವುದಕ್ಕೆ ಒಂದು ಕ್ರಮ ಇದೆ. ಮೊದಲು ಹವಾ ಮತ್ತು ಅಳತೆ, ಆಮೇಲೆ ವೀಲ್, ಆಮೇಲೆ ಸ್ಪ್ರಿಂಗ್ ಮತ್ತು ಶಾಕಪ್, ಕೊನೆಗೆ ಅಲೈನ್‌ಮೆಂಟ್, ಅಂದರೆ ಚಕ್ರಗಳು ನಿಲ್ಲುವ ಕೋನ ಹೊಂದಿಸುವುದು. ಬಹಳ ಜನ ನೇರವಾಗಿ ಅಲೈನ್‌ಮೆಂಟಿಗೆ ಹೋಗುತ್ತಾರೆ. ರಿಮ್ ಬಾಗಿದ್ದರೆ, ಜೋಡಣೆಯ ರಬ್ಬರ್ ಬುಷ್ ಸಡಿಲವಿದ್ದರೆ, ಸ್ಪ್ರಿಂಗ್ ಸರಿಯಾಗಿ ಕೂತಿಲ್ಲದಿದ್ದರೆ ಮಷಿನ್ ತೋರಿಸುವ ಅಂಕಿಯನ್ನು ನಂಬುವ ಹಾಗಿಲ್ಲ. ಹಣ ಕೊಟ್ಟು ಬಂದ ಮರುವಾರ ಗಾಡಿ ಮತ್ತೆ ಎಳೆಯುತ್ತದೆ.

ಹವಾ ಮತ್ತು ಅಳತೆ

ಹವಾ ನೋಡುವುದು ಬೆಳಿಗ್ಗೆ, ಗಾಡಿ ಓಡಿಸುವ ಮೊದಲು. ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ಹೈವೇ ಮೇಲೆ ಓಡಿಸಿ ಬಂದು ನೋಡಿದರೆ ಗೇಜ್ ನಾಲ್ಕೈದು ಪಿಎಸ್‌ಐ ಜಾಸ್ತಿ ತೋರಿಸಬಹುದು. ಅದನ್ನು ನೋಡಿ ಹವಾ ತೆಗೆಸಿದರೆ ಮರುದಿನ ಟಯರ್ ಕಡಿಮೆ ಹವಾದಲ್ಲೇ ಓಡುತ್ತದೆ.

ಡ್ರೈವರ್ ಬಾಗಿಲ ಪಕ್ಕದ ಸ್ಟಿಕ್ಕರ್‌ನಲ್ಲಿ ಬರೆದ ಹವಾ ಕಂಪನಿಯ ಸೈಜಿನ ಟಯರಿಗೆ ಮಾತ್ರ. ಬೇರೆ ಸೈಜ್ ಹಾಕಿದ್ದರೆ ಟಯರಿನ ಮೇಲಿರುವ ಲೋಡ್ ನಂಬರ್ ಓದಿ. 185/65 ಆರ್15 ಅಂದರೆ ಟಯರ್ ಅಗಲ 185 ಮಿಲಿಮೀಟರ್, ಗೋಡೆಯ ಎತ್ತರ ಅದರ ಶೇಕಡಾ 65, ರಿಮ್ 15 ಇಂಚು. ಆ ಟಯರಿನ ಮೇಲೆ ಸಾಮಾನ್ಯವಾಗಿ 88 ಎಂದಿರುತ್ತದೆ. ಅಂದರೆ ಒಂದು ಟಯರ್ 560 ಕೆಜಿ ಹೊರುತ್ತದೆ. 195/55 ಆರ್16ರ ಮೇಲೆ 87 ಇದ್ದರೆ 545 ಕೆಜಿ. 205/45 ಆರ್17ರ ಮೇಲೆ 84 ಇದ್ದರೆ 500 ಕೆಜಿ ಮಾತ್ರ. ಟಯರ್ ಅಗಲ ಆಯಿತು, ನೋಡಲು ದಪ್ಪ ಆಯಿತು, ಆದರೆ ಹೊರುವ ಶಕ್ತಿ ಇಳಿಯಿತು. ಒಳಗೆ ಹಿಡಿಯುವ ಗಾಳಿ ಕಡಿಮೆಯಾಗಿದೆ ಅಲ್ವಾ, ಅದಕ್ಕೆ. ಇದೇ ಸೈಜಿನಲ್ಲಿ 88 ಎಕ್ಸ್‌ಎಲ್ (ಹೆಚ್ಚು ಭಾರ ಹೊರುವ ಬಗೆ) ಎಂದು ಬರೆದ ಟಯರ್ ಸಿಗುತ್ತದೆ, ಅದು 560 ಕೆಜಿ ಹೊರುತ್ತದೆ. ಆದರೆ ಹೆಚ್ಚು ಹವಾ ಇದ್ದಾಗ ಮಾತ್ರ. ಹಳೆಯ 30, 32ರಲ್ಲೇ ಓಡಿಸಿದರೆ ಟಯರ್ ಮೆತ್ತಗಾಗಿ ರಿಮ್ ಹೊಡೆತ ತಿನ್ನುತ್ತದೆ.

ಈಗ ಅಳತೆ. ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ಗಾಡಿ ನಿಲ್ಲಿಸಿ. ವೀಲಿನ ನಟ್ಟನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿದು ನಾಲ್ಕೂ ಕಡೆ ಬರೆದುಕೊಳ್ಳಿ. ನೆಲದಿಂದ ಅಳೆಯಬೇಡಿ, ಟಯರ್ ಸೈಜ್ ಬದಲಾಗಿದ್ದರೆ ಆ ಅಳತೆ ದಾರಿ ತಪ್ಪಿಸುತ್ತದೆ. ಕಂಪನಿ ಸ್ಪ್ರಿಂಗ್ ಇರುವ ಅದೇ ಮಾಡೆಲ್ ಗಾಡಿ ಗೆಳೆಯರ ಹತ್ತಿರ ಇದ್ದರೆ ಅದನ್ನೂ ಅಳೆಯಿರಿ. ಎರಡರ ವ್ಯತ್ಯಾಸವೇ ನೀವು ನಿಜವಾಗಿ ಇಳಿಸಿದ ಎತ್ತರ. ಡಬ್ಬಿಯ ಮೇಲೆ 35 ಮಿಲಿಮೀಟರ್ ಎಂದು ಬರೆದ ಸ್ಪ್ರಿಂಗ್ ಗಾಡಿಯಲ್ಲಿ 50 ಇಳಿದಿರುವುದೂ ಉಂಟು. ಎಡ-ಬಲಕ್ಕೆ ಒಂದು ಸೆಂಟಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಅಲ್ಲಿಗೇ ನಿಲ್ಲಿಸಿ, ಆ ಕಡೆಯ ಸ್ಪ್ರಿಂಗ್ ತನ್ನ ಬಟ್ಟಲಲ್ಲಿ ಸರಿಯಾಗಿ ಕೂತಿದೆಯಾ ನೋಡಿ.

ಹಳೆಯ ವೀಲ್ ಹಾಕಿ ನೋಡುವುದು

ವೀಲ್ ಮತ್ತು ಸ್ಪ್ರಿಂಗ್ ಎರಡನ್ನೂ ಒಟ್ಟಿಗೆ ಬದಲಿಸಿದ ಗಾಡಿಯಲ್ಲಿ ತಪ್ಪು ಎಲ್ಲಿದೆ ಎಂದು ಊಹಿಸುತ್ತಾ ಕೂರಬಾರದು. ಕಂಪನಿ ರಿಮ್ ಮತ್ತು ಟಯರ್ ಮನೆಯ ಅಟ್ಟದ ಮೇಲೆ ಇದ್ದರೆ ತಂದು ಹಾಕಿ, ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಓಡಿಸಿ. ತೊಂದರೆ ಹೋಯಿತಾ? ಹಾಗಾದರೆ ಅದು ವೀಲ್ ಅಥವಾ ಟಯರಿನದು. ಹಾಗೇ ಉಳಿಯಿತಾ? ಸ್ಪ್ರಿಂಗ್, ಶಾಕಪ್, ಬುಷ್ ಕಡೆ ಹೋಗಿ. ಒಂದು ತಾಸಿನ ಕೆಲಸ, ಖರ್ಚು ಏನೂ ಇಲ್ಲ. ಇಷ್ಟು ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ. ಅದಕ್ಕೇ ಹಳೆಯ ರಿಮ್‌ಗಳನ್ನು ಅಂಗಡಿಯವರಿಗೆ ಎಕ್ಸ್‌ಚೇಂಜ್‌ಗೆ ಕೊಡಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಕೊಟ್ಟುಬಿಟ್ಟಿದ್ದರೆ ಅದೇ ಮಾಡೆಲ್ ಇರುವ ನೆಂಟರ ಹತ್ತಿರ ಒಂದು ಮಧ್ಯಾಹ್ನಕ್ಕೆ ಕೇಳಿ ತನ್ನಿ.

ಸ್ಟೀರಿಂಗ್ ನಡುಕ

ನಡುಕ ಯಾವಾಗ ಬರುತ್ತದೆ ಅನ್ನೋದು ಅರ್ಧ ಉತ್ತರ. 80ರಿಂದ 110ರ ನಡುವೆ ಬಂದು, ಆಮೇಲೆ ಕಡಿಮೆಯಾದರೆ ಬ್ಯಾಲೆನ್ಸಿಂಗ್ ಅಥವಾ ವೀಲ್ ನಡುವಿಗೆ ಕೂರದಿರುವುದು. ಸ್ಟೀರಿಂಗ್‌ನಲ್ಲಿ ಬಂದರೆ ಮುಂದಿನ ವೀಲ್, ಸೀಟಿನಲ್ಲಿ ಬಂದರೆ ಹೆಚ್ಚಾಗಿ ಹಿಂದಿನದು. ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಬ್ರೇಕ್ ಡಿಸ್ಕ್ ನೋಡಿ. ಆಕ್ಸಿಲರೇಟರ್ ಒತ್ತಿದಾಗ ಬಂದು ಬಿಟ್ಟಾಗ ಹೋದರೆ ಎಂಜಿನ್ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ಡ್ರೈವ್ ಶಾಫ್ಟಿನ ಜಾಯಿಂಟ್. ಗಾಡಿ ಅತಿಯಾಗಿ ಇಳಿಸಿದಾಗ ಶಾಫ್ಟಿನ ಕೋನ ಬದಲಾಗಿ ಇದು ಬರುತ್ತದೆ.

ಹೊರಗಿನ ಅಲಾಯ್‌ಗಳಲ್ಲಿ ನಾನು ಮೊದಲು ನೋಡುವುದು ನಡುವಿನ ತೂತು. ಸ್ವಿಫ್ಟ್‌ಗೂ ಐ20ಗೂ ನಾಲ್ಕು ನಟ್ಟಿನ ಅಳತೆ 4×100 (ನಾಲ್ಕು ನಟ್ಟು, 100 ಮಿಲಿಮೀಟರ್ ವೃತ್ತದ ಮೇಲೆ), ವೀಲ್ ಕೂರುವ ಹಬ್ಬಿನ ದಪ್ಪ 54.1 ಮಿಲಿಮೀಟರ್. ಅಂಗಡಿಯ ಅಲಾಯ್‌ಗಳನ್ನು ಹಲವು ಗಾಡಿಗಳಿಗೆ ಹೊಂದಲಿ ಎಂದು 73.1ರಂಥ ದೊಡ್ಡ ತೂತಿನಲ್ಲಿ ಮಾಡಿರುತ್ತಾರೆ. ನಡುವೆ ಉಳಿಯುವ ಜಾಗಕ್ಕೆ ಒಂದು ಹಬ್ ರಿಂಗ್ ಬೇಕು. ಅದಿಲ್ಲದಿದ್ದರೆ ವೀಲ್ ನಟ್ಟುಗಳ ಆಧಾರದಲ್ಲೇ ನಡುವಿಗೆ ಬರಬೇಕು. ಒಂದು ನಟ್ಟು ಮೊದಲು ಪೂರ್ತಿ ಬಿಗಿದರೂ ವೀಲ್ ಕೂದಲೆಳೆಯಷ್ಟು ಪಕ್ಕಕ್ಕೆ ಕೂರುತ್ತದೆ. 90ರ ವೇಗದಲ್ಲಿ ಈ ಸೈಜಿನ ಚಕ್ರ ಸೆಕೆಂಡಿಗೆ ಸುಮಾರು 13 ಸುತ್ತು ತಿರುಗುತ್ತದೆ. ಅಷ್ಟು ಸಣ್ಣ ತಪ್ಪೂ ಕೈಗೆ ಗೊತ್ತಾಗುತ್ತದೆ. ಬ್ಯಾಲೆನ್ಸಿಂಗ್ ಮಷಿನ್ ವೀಲನ್ನು ತನ್ನದೇ ಕೋನಿನ ಮೇಲೆ ನಡುವಿಗೆ ತಂದು ತೂಗುವುದರಿಂದ ಅಲ್ಲಿ ಸೊನ್ನೆ ತೋರಿಸುತ್ತದೆ, ಗಾಡಿಗೆ ಹಾಕಿದರೆ ನಡುಕ. "ಬ್ಯಾಲೆನ್ಸಿಂಗ್ ಎರಡ್ ಸಲ ಮಾಡ್ಸೀನ್ರಿ, ಹೋಗವಲ್ದು" ಎಂದು ಹೇಳಿದರೆ ರಿಂಗ್ ಇದೆಯಾ ಎಂದು ಕೇಳುವುದು ಅದಕ್ಕೇ.

ಕ್ಯಾಲಿಪರ್‌ನಲ್ಲಿ ವೀಲಿನ ತೂತು ಮತ್ತು ಹಬ್ಬು ಎರಡನ್ನೂ ಅಳೆದು, ಆ ಅಳತೆಯ ರಿಂಗ್ ತರಿಸಿ. ಸಿಗದಿದ್ದರೆ ಬೆಳಗಾವಿಯಲ್ಲಿ ಅದು ದೊಡ್ಡ ಕೆಲಸ ಅಲ್ಲ. ಉದ್ಯಮಬಾಗದ ಯಾವ ಲೇತ್ ಅಂಗಡಿಯಲ್ಲೂ ಅಲ್ಯೂಮಿನಿಯಂ ರಿಂಗ್ ತಿರುಗಿಸಿ ಕೊಡುವವರಿದ್ದಾರೆ. ಅಳತೆ ಸರಿಯಾಗಿ ಕೊಡಬೇಕು ಅಷ್ಟೇ.

ನಟ್ಟಿನ ವಿಷಯದಲ್ಲಿ ಅಡ್ಜಸ್ಟ್ ಮಾಡಿಕೊಳ್ಳುವುದು ಬೇಡವೇ ಬೇಡ. ಸುಜುಕಿ ಗಾಡಿಗಳ ನಟ್ಟು 12 ಮಿಲಿಮೀಟರ್, 1.25 ಪಿಚ್ (ಥ್ರೆಡ್ಡಿನ ಒಂದು ಸುತ್ತಿನಿಂದ ಇನ್ನೊಂದಕ್ಕಿರುವ ಅಂತರ). ಹ್ಯುಂಡೈನದು 12, ಆದರೆ 1.5 ಪಿಚ್. ಒಂದರದ್ದು ಇನ್ನೊಂದಕ್ಕೆ ಎರಡು ಸುತ್ತು ಹತ್ತುತ್ತದೆ, ಆಮೇಲೆ ನಟ್ಟು ಬಿಗಿಸುವ ಗನ್ ಹಿಡಿದು ಹತ್ತಿಸಿದರೆ ಥ್ರೆಡ್ ತಿಂದುಕೊಂಡು ಹತ್ತುತ್ತದೆ. ಅದು ಬಿಗಿಯಲ್ಲ. ಫೋಕ್ಸ್‌ವ್ಯಾಗನ್, ಸ್ಕೋಡಾ ಗಾಡಿಗಳ ಕಂಪನಿ ಬೋಲ್ಟಿನ ಕೂರುವ ಭಾಗ ಉರುಟು. ಹೊರಗಿನ ಅಲಾಯ್‌ಗೆ ಬಹುತೇಕ ಕೋನ್ ಆಕಾರದ್ದು ಬೇಕು. ಉರುಟು ಬೋಲ್ಟ್ ಕೋನ್ ತೂತಿನಲ್ಲಿ ಒಂದು ಗೆರೆಯಷ್ಟೇ ತಾಗಿ ಕೂರುತ್ತದೆ, ಓಡುತ್ತಾ ಓಡುತ್ತಾ ಸಡಿಲಾಗುತ್ತದೆ. ಗಾಡಿಯ ಪುಸ್ತಕದಲ್ಲಿ ಬರೆದ ಟಾರ್ಕ್‌ಗೆ (ಬಿಗಿಸುವ ಬಲದ ಅಳತೆ), ಎದುರುಬದುರು ಕ್ರಮದಲ್ಲಿ, ಟಾರ್ಕ್ ರೆಂಚ್‌ನಲ್ಲಿ ಬಿಗಿಸಿ. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ನೋಡಿ. ಪಾನಾದ ಮೇಲೆ ನಿಂತು ಕಾಲಿನಿಂದ ಒತ್ತುವ ಪದ್ಧತಿ ನಟ್ಟು ಹತ್ತುವ ಸ್ಟಡ್ಡನ್ನು ಉದ್ದಕ್ಕೆ ಎಳೆದು ಹಾಳು ಮಾಡುತ್ತದೆ.

ರಿಂಗ್, ನಟ್ಟು ಎರಡೂ ಸರಿ ಇದ್ದರೆ ರಿಮ್ ಬಾಗಿದೆಯಾ ನೋಡಿ. ಜ್ಯಾಕ್ ಎತ್ತಿ ಸ್ಟ್ಯಾಂಡ್ ಕೊಟ್ಟು, ರಿಮ್ಮಿನ ಅಂಚಿಗೆ ಹತ್ತಿರ ಒಂದು ಪೆನ್ಸಿಲ್ ಅಲುಗದಂತೆ ಇಟ್ಟು ಚಕ್ರ ನಿಧಾನ ತಿರುಗಿಸಿ. ಸಂದು ಹೆಚ್ಚುಕಡಿಮೆ ಆದ ಜಾಗದಲ್ಲಿ ಬಾಗಿದೆ. ಒಳ ಅಂಚನ್ನು ಮರೆಯಬೇಡಿ, ಹೊರಗಿನಿಂದ ಚಂದ ಕಾಣುವ ರಿಮ್ ಒಳಗೆ ಬಾಗಿರುತ್ತದೆ. ಬೆಳಗಾವಿಯ ಮಳೆಗಾಲದಲ್ಲಿ ನೀರು ತುಂಬಿದ ಗುಂಡಿಯ ಆಳ ಗೊತ್ತಾಗುವುದಿಲ್ಲ. 165/80 ಆರ್14 ಟಯರಿನ ಗೋಡೆ 132 ಮಿಲಿಮೀಟರ್ ಎತ್ತರ, 205/45 ಆರ್17ರದು 92. ಆ 40 ಮಿಲಿಮೀಟರ್ ರಬ್ಬರ್ ನುಂಗುತ್ತಿದ್ದ ಹೊಡೆತ ಈಗ ರಿಮ್ಮಿಗೆ ಬರುತ್ತದೆ. ಬಾಗಿದ ಅಲಾಯನ್ನು ಕಾಯಿಸಿ ಬಡಿದು ನೇರ ಮಾಡುವುದುಂಟು. ಸಣ್ಣ ಬಾಗಿಗೆ, ಕೆಲಸ ಗೊತ್ತಿರುವವರ ಕೈಯಲ್ಲಿ ಅದು ನಡೆಯುತ್ತದೆ. ಕೂದಲು ಬಿರುಕು ಕಂಡರೆ ಮಾತ್ರ ಆ ರಿಮ್ ಮತ್ತೆ ಗಾಡಿಗೆ ಹಾಕಬಾರದು. ವಾರಕ್ಕೆ ನಾಲ್ಕೈದು ಪಿಎಸ್‌ಐ ಹವಾ ಇಳಿಯುತ್ತಿದ್ದು, ಪಂಕ್ಚರ್ ಸಿಗದಿದ್ದರೆ ರಿಮ್ಮಿನ ಒಳಗೋಡೆಗೆ ಸಾಬೂನು ನೀರು ಹಾಕಿ ನೋಡಿ. ಬಿರುಕಿದ್ದರೆ ಗುಳ್ಳೆ ಏಳುತ್ತದೆ.

ಹಂಪ್ ಮೇಲೆ ಧಡ್ ಅನ್ನುವುದು

ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳಲ್ಲಿ ಅಂದ ಮತ್ತು ಓಟದ ನಡುವಿನ ಜಗಳ ನಿಜವಾಗಿ ತೀರ್ಮಾನವಾಗುವುದು ಹಂಪ್ ಮೇಲೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ನಿಯಮದಂತೆ 25 ಕಿಮೀ ವೇಗದಲ್ಲಿ ದಾಟುವ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಊರೊಳಗೆ ಜನರೇ ಹಾಕಿಸಿದ ಹಂಪ್‌ಗಳು ಎಷ್ಟಿವೆ ಎಂದು ನಿಮಗೇ ಗೊತ್ತು. ಅರ್ಧ ಮೀಟರ್ ಅಗಲದಲ್ಲಿ ಗೋಡೆ ಎದ್ದ ಹಾಗೆ ನಿಂತಿರುತ್ತವೆ. ಎರೆ ಮಣ್ಣಿನ ಸೀಮೆಯಲ್ಲಿ ಮಳೆಗೆ ನೆಲ ಉಬ್ಬಿ, ಬೇಸಿಗೆಗೆ ಕುಗ್ಗಿ ಡಾಂಬರು ರಸ್ತೆಯೇ ಅಲೆ ಅಲೆಯಾಗುತ್ತದೆ. ಶಾಕಪ್ ಮತ್ತು ಸ್ಪ್ರಿಂಗ್‌ಗೆ ಇಲ್ಲಿ ಪುಣೆ ಹೈವೇಗಿಂತ ಜಾಸ್ತಿ ಜಾಗ ಬೇಕು.

ಶಾಕಪ್ ರಾಡ್ ಕೆಳಗೆ ಇಳಿಯಲು ಒಂದು ಮಿತಿ ಇದೆ. ಕೊನೆಯಲ್ಲಿ ಬಂಪ್ ಸ್ಟಾಪ್ ಎನ್ನುವ ರಬ್ಬರ್ ತುಂಡು ಇರುತ್ತದೆ. ಉದಾಹರಣೆಗೆ, ಡ್ರೈವರ್ ಒಬ್ಬನೇ ಕೂತಾಗ ಆ ರಬ್ಬರ್ ತಾಗುವವರೆಗೆ 80 ಮಿಲಿಮೀಟರ್ ಜಾಗ ಇತ್ತು ಎಂದುಕೊಳ್ಳಿ. ಗಾಡಿ 40 ಇಳಿಸಿದರೆ ಉಳಿಯುವುದು 40. ಹಿಂದೆ ಮೂರು ಜನ ಕೂತು, ಡಿಕ್ಕಿಯಲ್ಲಿ ಒಂದು ಚೀಲ ಜೋಳ ಇಟ್ಟರೆ ಅದರಲ್ಲೂ ದೊಡ್ಡ ಪಾಲು ಹೋಯಿತು. ಉಳಿದ ಸ್ವಲ್ಪ ಜಾಗದಲ್ಲಿ ಜಮಖಂಡಿಯಿಂದ ಮುಧೋಳದವರೆಗೆ ಹೋಗಬೇಕು. ಒಬ್ಬರೇ ಓಡಿಸುವಾಗ ಸುಮ್ನೆ ಇರುವ ಗಾಡಿ ಮನೆಯವರೆಲ್ಲ ಕೂತಾಗ ಧಡ್ ಅಂದರೆ ಶಾಕಪ್ ಹೋಗಿದೆ ಎಂದುಕೊಳ್ಳಬೇಡಿ. ಜಾಗ ಮುಗಿದಿದೆ.

ಇದನ್ನು ಖಚಿತ ಮಾಡಿಕೊಳ್ಳಲು ಶಾಕಪ್ ರಾಡಿನ ಮೇಲಿನ ರಬ್ಬರ್ ಬೂಟ್ ಮೇಲೆತ್ತಿ, ರಾಡಿಗೆ ಒಂದು ತೆಳ್ಳನೆಯ ಪ್ಲಾಸ್ಟಿಕ್ ಟೈ ಕಟ್ಟಿ ಕೆಳಗೆ ಶಾಕಪ್ ಬಾಡಿಯವರೆಗೆ ತಳ್ಳಿ. ಯಾವಾಗಲೂ ಹೋಗುವ ರಸ್ತೆಯಲ್ಲಿ, ಯಾವಾಗಲೂ ಕೂರುವಷ್ಟು ಜನರನ್ನು ಕೂರಿಸಿ ಓಡಿಸಿ ಬನ್ನಿ. ಟೈ ಎಲ್ಲಿಯವರೆಗೆ ಮೇಲೆ ಹೋಗಿದೆಯೋ ಶಾಕಪ್ ಅಲ್ಲಿಯವರೆಗೆ ಮುಚ್ಚಿದೆ. ಬಂಪ್ ಸ್ಟಾಪ್ ಹತ್ತಿರ ಹೋಗಿ ಜಜ್ಜಿದ್ದರೆ ಉತ್ತರ ಸಿಕ್ಕಿತು. ಬಂಪ್ ಸ್ಟಾಪ್ ಕತ್ತರಿಸಿ ಜಾಗ ಮಾಡಿಕೊಳ್ಳುತ್ತೇವೆ ಅನ್ನುವವರಿದ್ದಾರೆ. ಕೆಲವು ಲೋವರಿಂಗ್ ಕಿಟ್‌ನವರೇ ಇಂತಿಷ್ಟು ಕತ್ತರಿಸಿ ಎಂದು ಬರೆದಿರುತ್ತಾರೆ, ಅಷ್ಟು ಮಾತ್ರ ಸರಿ. ಪೂರ್ತಿ ತೆಗೆದರೆ ಲೋಹಕ್ಕೆ ಲೋಹ ಬಡಿದು ಶಾಕಪ್ ಒಳಗಿನ ವಾಲ್ವ್ ಒಡೆಯುತ್ತದೆ.

ಈಗ ಸ್ಪ್ರಿಂಗ್ ಕತ್ತರಿಸುವ ವಿಷಯ. ಕಡಿಮೆ ಖರ್ಚು ಎಂದು ಕಂಪನಿ ಸ್ಪ್ರಿಂಗನ್ನೇ ಒಂದು ಸುತ್ತು ಕತ್ತರಿಸಿ ಹಾಕಿದ ಗಾಡಿಗಳು ಈಗಲೂ ಬರುತ್ತವೆ. ಸುತ್ತು ಕಡಿಮೆಯಾದರೆ ಸ್ಪ್ರಿಂಗ್ ಸ್ವಲ್ಪ ಗಟ್ಟಿಯಾಗುತ್ತದೆ ನಿಜ, ಆದರೆ ಕಳೆದುಕೊಂಡ ಜಾಗಕ್ಕೆ ತಕ್ಕಷ್ಟು ಗಟ್ಟಿಯಾಗುವುದಿಲ್ಲ. ಕತ್ತರಿಸಿದ ತುದಿ ಬಟ್ಟಲಲ್ಲಿ ಚಪ್ಪಟೆಯಾಗಿ ಕೂರುವುದಿಲ್ಲ. ದೊಡ್ಡ ಹಂಪ್ ದಾಟಿ ಚಕ್ರ ಕೆಳಗೆ ಜೋತಾಡಿದಾಗ ಗಿಡ್ಡವಾದ ಸ್ಪ್ರಿಂಗ್ ಸಡಿಲವಾಗಿ ಜಾಗ ಬಿಟ್ಟು ಸರಿಯುತ್ತದೆ. ಟಕ್ ಎನ್ನುವ ಸದ್ದು ಅದರದ್ದೇ. ಗ್ಯಾಸ್ ಬೆಂಕಿಯಲ್ಲಿ ಕತ್ತರಿಸಿದ್ದರೆ ಉಕ್ಕಿನ ಹದವೂ ಹೋಗಿರುತ್ತದೆ, ಮುಂದೊಂದು ದಿನ ಮುರಿಯುತ್ತದೆ. ಚೋರ್ಲಾ ಘಾಟ್‌ನ ತಿರುವಿನಲ್ಲಿ ಸ್ಪ್ರಿಂಗ್ ಜಾಗ ಬಿಟ್ಟರೆ ಏನಾದೀತು ಎಂದು ಯೋಚಿಸಿ. ಕತ್ತರಿಸಿದ ಸ್ಪ್ರಿಂಗ್ ಸಿಕ್ಕರೆ ಮುಂದಿನ ಪರೀಕ್ಷೆ ಯಾವುದೂ ಬೇಡ. ಅದನ್ನು ಬದಲಿಸುವುದೇ ಮೊದಲ ಕೆಲಸ.

ಗಾಡಿ ಎತ್ತರಿಸಿದವರಿಗೂ ಒಂದು ಮಾತು. ಹೊಟ್ಟೆ ಹಂಪ್‌ಗೆ ತಾಗುತ್ತದೆ ಎಂದು ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರ್ ಬಫರ್ ಸಿಕ್ಕಿಸುತ್ತಾರೆ. ಅದು ಸ್ಪ್ರಿಂಗಿನ ಒಂದು ಸುತ್ತನ್ನು ಕಟ್ಟಿಹಾಕಿದ ಹಾಗೆ. ಉಳಿದ ಸುತ್ತುಗಳೇ ಎಲ್ಲ ಭಾರ ಹೊರಬೇಕು, ಸಣ್ಣ ಕಲ್ಲಿಗೂ ಗಾಡಿ ಒದೆಯುತ್ತದೆ, ಶಾಕಪ್ ಮೇಲ್ಗಡೆಯ ಮಿತಿಗೆ ಹೋಗಿ ಟಣ್ ಅನ್ನುತ್ತದೆ. ಹಂಪ್ ಇಳಿಯುವಾಗ ಸದ್ದು ಬಂದರೆ, ಹತ್ತುವಾಗ ಬರದಿದ್ದರೆ, ಬಫರ್ ತೆಗೆದು ಓಡಿಸಿ ನೋಡಿ.

ಸ್ಪ್ರಿಂಗ್ ಹೊಸದು, ಗಟ್ಟಿಯಾದದ್ದು, ಶಾಕಪ್ ಮಾತ್ರ ಕಂಪನಿಯದೇ ಇದ್ದರೆ ಹಂಪ್ ದಾಟಿದ ಮೇಲೂ ಗಾಡಿ ಒಂದೆರಡು ಸಲ ಕುಣಿಯುತ್ತದೆ. ಗಟ್ಟಿ ಸ್ಪ್ರಿಂಗ್ ವಾಪಸ್ ತಳ್ಳುವ ಬಲವನ್ನು ಹಿಡಿಯಲು ಆ ಶಾಕಪ್‌ಗೆ ಆಗುವುದಿಲ್ಲ. ಬಾನೆಟ್ ಮೂಲೆ ಒತ್ತಿ ಬಿಟ್ಟು ನೋಡುವ ಹಳೆಯ ಪರೀಕ್ಷೆ ಗಟ್ಟಿ ಸ್ಪ್ರಿಂಗ್ ಗಾಡಿಯಲ್ಲಿ ಏನನ್ನೂ ಹೇಳುವುದಿಲ್ಲ, ಕೈಯಿಂದ ಅಷ್ಟು ಒತ್ತಲೂ ಆಗದು. ಶಾಕಪ್ ಮೈಮೇಲೆ ಎಣ್ಣೆ ಒಸರಿ ಧೂಳು ಅಂಟಿದೆಯಾ, ಟಯರಿನ ಮೈ ಗುಂಡಿ ಗುಂಡಿಯಾಗಿ ಸವೆದಿದೆಯಾ, ಇವೆರಡನ್ನು ನೋಡಿ.

ಸಣ್ಣ ಹಂಪ್ ಮೇಲೆ ಬರುವ ಟಕ್‌ಟಕ್ ಸದ್ದು ಬೇರೆ. ಅದು ಹೆಚ್ಚಾಗಿ ಗಾಡಿ ವಾಲುವುದನ್ನು ತಡೆಯುವ ಬಾರಿನ ಲಿಂಕ್ ರಾಡ್. ಗಾಡಿ ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಟೊಂಯ್ ಎಂದರೆ ಶಾಕಪ್ ಮೇಲಿನ ಮೌಂಟ್ ಬೇರಿಂಗ್. ಸ್ಪ್ರಿಂಗ್ ಬದಲಿಸುವಾಗ ಹೇಗೂ ಬಿಚ್ಚುತ್ತಾರೆ, ಆಗಲೇ ಹೊಸದು ಹಾಕಿಸಿದರೆ ಎರಡನೇ ಸಲ ಕೂಲಿ ಉಳಿಯುತ್ತದೆ.

ಟಯರ್ ಉಜ್ಜುವುದು

ಟಯರಿನ ಭುಜಕ್ಕೆ, ಒಳಗೋಡೆಗೆ ಸೀಮೆಸುಣ್ಣ ಬಳಿದು ಓಡಿಸಿ. ಸುಣ್ಣ ಅಳಿಸಿದ ಜಾಗ, ಮಡ್‌ಗಾರ್ಡ್ ಒಳಗಿನ ಪ್ಲಾಸ್ಟಿಕ್ ಲೈನರ್ ಮೇಲೆ ಬಿಳಿ ಹತ್ತಿದ ಜಾಗ ಎರಡನ್ನೂ ಹೊಂದಿಸಿದರೆ ಎಲ್ಲಿ ತಾಗುತ್ತಿದೆ ಎಂದು ತಿಳಿಯುತ್ತದೆ. ಪೂರ್ತಿ ತಿರುಗಿಸಿದಾಗ ಒಳಗೆ ತಾಗಿದರೆ ರಿಮ್ ಒಳಗೆ ಹೋಗಿದೆ. ಭಾರ ಹಾಕಿದಾಗ ಹಿಂದೆ ಹೊರ ಅಂಚಿಗೆ ತಾಗಿದರೆ ರಿಮ್ ಹೊರಗೆ ಬಂದಿದೆ.

ಲೆಕ್ಕ ಸುಲಭ. ಜೆ ಜೊತೆಗಿನ ಅಂಕಿ ರಿಮ್ಮಿನ ಅಗಲ, ಇಂಚಿನಲ್ಲಿ. ಇಟಿ ಅಂದರೆ ಹಬ್ಬಿಗೆ ತಾಗುವ ಮುಖ ರಿಮ್ಮಿನ ನಡುಗೆರೆಯಿಂದ ಎಷ್ಟು ಮಿಲಿಮೀಟರ್ ಹೊರಗಿದೆ ಅನ್ನೋದು. ಮೊದಲು 6ಜೆ ಅಗಲ, ಇಟಿ 45 ಇದ್ದ ರಿಮ್ ಜಾಗದಲ್ಲಿ 7ಜೆ, ಇಟಿ 35 ಹಾಕಿದಿರಿ ಎನ್ನೋಣ. ಅಗಲ ಒಂದು ಇಂಚು ಜಾಸ್ತಿ, ಅದರ ಅರ್ಧ ಎಂದರೆ 12.7 ಮಿಲಿಮೀಟರ್ ಹೊರಗೆ, ಅಷ್ಟೇ ಒಳಗೆ. ಇಟಿ 10 ಕಡಿಮೆಯಾದ್ದರಿಂದ ಇಡೀ ರಿಮ್ 10 ಹೊರಗೆ. ಒಟ್ಟು ಹೊರಗೆ ಸುಮಾರು 23, ಒಳಗೆ ಸುಮಾರು 3. ಮಡ್‌ಗಾರ್ಡ್ ಅಂಚಿಗೆ ಚಕ್ರ ಸಮ ಬಂದು ನಿಲ್ಲುವ ಅಂದ ಈ 23ರಲ್ಲಿದೆ. ಸ್ಟೀರಿಂಗ್ ರಸ್ತೆಯ ಪ್ರತಿ ಗುಂಡಿಗೂ ಕೈ ಜಗ್ಗುವುದು, ಬ್ರೇಕ್ ಹಾಕಿದಾಗ ಒಂದು ಕಡೆ ಎಳೆಯುವುದು, ವೀಲ್ ಬೇರಿಂಗ್ ಬೇಗ ಗುಂಯ್ ಅನ್ನುವುದು, ಇವೂ ಅದರಲ್ಲೇ ಇವೆ. ಹಬ್ಬಿನಿಂದ ಚಕ್ರದ ನಡುಗೆರೆ ದೂರ ಹೋದಷ್ಟೂ ರಸ್ತೆಯ ಹೊಡೆತಕ್ಕೆ ಸನ್ನೆಗೋಲು ಉದ್ದ ಸಿಕ್ಕುತ್ತದೆ. ಹಬ್ಬು ಮತ್ತು ರಿಮ್ ನಡುವೆ ಸ್ಪೇಸರ್ ಬಿಲ್ಲೆ ಹಾಕಿ ಹೊರತರುವುದೂ ಇದೇ ಪರಿಣಾಮ, ಜೊತೆಗೆ ಸ್ಟಡ್‌ಗೆ ನಟ್ಟು ಹತ್ತುವ ಸುತ್ತು ಕಡಿಮೆಯಾಗುತ್ತದೆ. ಮಡ್‌ಗಾರ್ಡ್ ಅಂಚು ಬಡಿದು ಮಡಚುವ ಮೊದಲು ಇಟಿ ಹೆಚ್ಚಿರುವ ರಿಮ್ ಸಿಗುತ್ತದಾ ನೋಡಿ. ಬಡಿದ ಜಾಗದಲ್ಲಿ ಬಣ್ಣ ಬಿರಿದು ತುಕ್ಕು ಹಿಡಿಯುತ್ತದೆ.

ಎಳೆತ, ಅಲೆದಾಟ, ಒಳ ಅಂಚು ಸವೆಯುವುದು

ಟಯರಿನ ಮೈ ಮೇಲೆ ಅಂಗೈ ಸವರಿ. ಒಂದು ದಿಕ್ಕಿಗೆ ನುಣುಪು, ವಾಪಸ್ ತಂದಾಗ ಗರಗಸದಂತೆ ಚುಚ್ಚಿದರೆ ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರ ಒಳಗೆ ಅಥವಾ ಹೊರಗೆ ತಿರುಗಿರುವ ಕೋನ, ತಪ್ಪಿದೆ. ಗಾಡಿ ಇಳಿಸಿದಾಗ ಚಕ್ರವನ್ನು ಕೆಳಗಿನಿಂದ ಹಿಡಿದ ಲೋವರ್ ಆರ್ಮ್ ಮತ್ತು ಸ್ಟೀರಿಂಗಿನ ಟೈ ರಾಡ್ ಬೇರೆ ಬೇರೆ ಕಮಾನಿನಲ್ಲಿ ಸರಿಯುತ್ತವೆ, ಚಕ್ರ ತಾನೇ ಸ್ವಲ್ಪ ತಿರುಗಿ ನಿಲ್ಲುತ್ತದೆ. ಒಂದು ಚಕ್ರ ಅರ್ಧ ಡಿಗ್ರಿ ಅಡ್ಡ ನಿಂತರೆ ಪ್ರತಿ ಕಿಲೋಮೀಟರಿಗೆ ಸುಮಾರು 9 ಮೀಟರ್ ಅಡ್ಡ ಉಜ್ಜುತ್ತಾ ಹೋಗುತ್ತದೆ. ಒಳ ಅಂಚು ಬೋಳಾದಾಗ ಎಲ್ಲರೂ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಗೆ ಅಥವಾ ಹೊರಗೆ ವಾಲಿರುವುದು) ಅನ್ನುತ್ತಾರೆ. ಟೋ ಸರಿ ಇದ್ದರೆ ಒಂದು ಡಿಗ್ರಿ ಕ್ಯಾಂಬರ್ ಟಯರನ್ನು ಅಷ್ಟು ಬೇಗ ತಿನ್ನುವುದಿಲ್ಲ. ಹಾಗಾಗಿ ಸ್ಪ್ರಿಂಗ್ ಹಾಕಿದ ದಿನವೇ ಅಲ್ಲ, ಸ್ಪ್ರಿಂಗ್ ಕೂತು ಸೆಟ್ ಆಗಲು ಕೆಲವು ನೂರು ಕಿಲೋಮೀಟರ್ ಓಡಿಸಿ ಆಮೇಲೆ ಅಲೈನ್‌ಮೆಂಟ್ ಮಾಡಿಸಿ. ಮೊದಲ ದಿನ ಟೋ ಮಾತ್ರ ಅಂದಾಜಿಗೆ ತಂದುಕೊಂಡರೆ ಸಾಕು.

ಗಾಡಿ ಒಂದೇ ಕಡೆ ಎಳೆದರೆ ಮುಂದಿನ ಎರಡು ಚಕ್ರಗಳನ್ನು ಎಡ-ಬಲ ಬದಲಿಸಿ. ಎಳೆತದ ದಿಕ್ಕೂ ಬದಲಾದರೆ ತಪ್ಪು ಟಯರಿನದು. ಟಯರ್ ಮೇಲೆ ತಿರುಗುವ ದಿಕ್ಕಿನ ಬಾಣ ಇದ್ದರೆ ಈ ಪರೀಕ್ಷೆ ಮಾಡಬೇಡಿ. ಇನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಲೆದಾಡುವುದು. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು ರಸ್ತೆಯಲ್ಲಿ ಬಿಟ್ಟ ತಗ್ಗಿನ ಗೆರೆಗಳನ್ನು ಅಗಲ ಟಯರ್ ಹಿಡಿದುಕೊಂಡು ಹೋಗುತ್ತದೆ. ಅಥಣಿ ಕಡೆ ಅಲೆದಾಡುವ ಗಾಡಿ ಬೆಳಗಾವಿ-ಧಾರವಾಡ ಹೈವೇಯಲ್ಲಿ ನೇರ ಹೋದರೆ ಗಾಡಿಯಲ್ಲಿ ದೋಷ ಇಲ್ಲ. ಟಯರಿನ ಅಗಲ ಅಲ್ಲಿನ ರಸ್ತೆಗೆ ಜಾಸ್ತಿಯಾಗಿದೆ. ಎರಡೂ ಕಡೆ ಅಲೆದರೆ ಟೋ ಹೊರಗೆ ತೆರೆದಿದೆಯಾ, ಲೋವರ್ ಆರ್ಮ್ ಬುಷ್ ಸಡಿಲವಿದೆಯಾ ನೋಡಿ.

ಇಳಿಸಿದ ಮೇಲೂ ತಿರುವಿನಲ್ಲಿ ಗಾಡಿ ಮೊದಲಿಗಿಂತ ಜಾಸ್ತಿ ವಾಲುತ್ತದೆ ಎನ್ನುವ ದೂರು ಬಂದರೆ ತಳ್ಳಿಹಾಕಬೇಡಿ, ಅದು ನಿಜ ಇರಬಹುದು. ನಮ್ಮ ಸಣ್ಣ ಕಾರುಗಳ ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಶಾಕಪ್ ಮತ್ತು ಸ್ಪ್ರಿಂಗ್ ಒಂದೇ ಕಂಬವಾಗಿ ಚಕ್ರವನ್ನು ಹಿಡಿಯುವ ಜೋಡಣೆ. ಅದರಲ್ಲಿ ಲೋವರ್ ಆರ್ಮ್ ಚಕ್ರದ ಕಡೆ ಸ್ವಲ್ಪ ಕೆಳಗೆ ವಾಲಿರಬೇಕು. ಅತಿಯಾಗಿ ಇಳಿಸಿದರೆ ಆರ್ಮ್ ಅಡ್ಡ ಮಲಗುತ್ತದೆ, ಇನ್ನೂ ಇಳಿಸಿದರೆ ಚಕ್ರದ ಕಡೆ ಮೇಲೇಳುತ್ತದೆ. ಆಗ ಗಾಡಿ ವಾಲುವ ಕೇಂದ್ರ, ಗಾಡಿಯ ಭಾರದ ಕೇಂದ್ರ ಇಳಿದದ್ದಕ್ಕಿಂತ ಬಹಳ ಕೆಳಗೆ ಹೋಗುತ್ತದೆ. ಎರಡರ ನಡುವಿನ ಅಂತರ ಹೆಚ್ಚಾದಷ್ಟೂ ವಾಲುವುದು ಜಾಸ್ತಿ. ಗಾಡಿ ನೆಲದ ಮೇಲೆ ನಿಂತಿರುವಾಗಲೇ ಬಗ್ಗಿ ಆರ್ಮ್ ನೋಡಿ. ಚಕ್ರದ ಕಡೆ ಮೇಲಕ್ಕೆ ಹೋಗಿದ್ದರೆ ಎಷ್ಟೇ ಬೆಲೆಯ ಶಾಕಪ್ ಹಾಕಿದರೂ ತಿರುವಿನಲ್ಲಿ ಹಿಡಿತ ಬರುವುದಿಲ್ಲ. ಗಾಡಿ 15, 20 ಮಿಲಿಮೀಟರ್ ಮೇಲೆ ತರಲೇಬೇಕು.

ಬ್ರೇಕ್, ಮೀಟರ್, ಹೆಡ್‌ಲೈಟ್

ದೊಡ್ಡ ರಿಮ್ ಭಾರವೂ ಇದ್ದರೆ ಪಿಕಪ್ ಮಂದ, ಬ್ರೇಕ್ ಮೊದಲಿಗಿಂತ ಜಾಸ್ತಿ ಒತ್ತಬೇಕು, ಮೈಲೇಜ್ ಇಳಿಯುತ್ತದೆ. ತೂಕದ ಯಂತ್ರದ ಮೇಲೆ ಹಳೆಯದನ್ನೂ ಹೊಸದನ್ನೂ ಟಯರ್ ಸಮೇತ ಇಟ್ಟರೆ ಅನುಮಾನ ಉಳಿಯುವುದಿಲ್ಲ. ಮೀಟರ್ ತಪ್ಪು ತೋರಿಸಿದರೆ ಚಕ್ರದ ಒಟ್ಟು ಎತ್ತರ ಲೆಕ್ಕ ಹಾಕಿ. 185/65 ಆರ್15 ಸುಮಾರು 621 ಮಿಲಿಮೀಟರ್, 195/55 ಆರ್16 ಕೂಡ 621, 205/45 ಆರ್17 ಸುಮಾರು 616. 205/50 ಆರ್17 ಹಾಕಿದರೆ 637 ಆಗುತ್ತದೆ, ಮೀಟರ್ ಮೊದಲಿಗಿಂತ ಎರಡೂವರೆ ಶೇಕಡಾದಷ್ಟು ಕಡಿಮೆ ತೋರಿಸುತ್ತದೆ. ಹಿಂದೆ ಮಾತ್ರ ಕುಗ್ಗಿದ ಗಾಡಿಯ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ಎತ್ತರ ಬದಲಾದ ಮೇಲೆ ಅದನ್ನು ಹೊಂದಿಸಲೇಬೇಕು.

ಎಷ್ಟು ವಾಪಸ್ ಕೊಡಬೇಕು

ಮೂಲ ಸಿಕ್ಕ ಮೇಲೆ ಬರುವ ಪ್ರಶ್ನೆ ಇದು, ಮತ್ತು ಗಾಡಿ ಓಡುವ ರಸ್ತೆ ಯಾವುದು ಅನ್ನೋದರ ಮೇಲೆ ಉತ್ತರ ಬದಲಾಗುತ್ತದೆ. ಬೆಳಗಾವಿ ಊರೊಳಗೆ ಓಡಾಡಿ, ವಾರಕ್ಕೊಮ್ಮೆ ಹುಬ್ಬಳ್ಳಿಗೆ ಹೋಗುವವರಿಗೆ 16 ಇಂಚಿನ ರಿಮ್, 25ರಿಂದ 30 ಮಿಲಿಮೀಟರ್ ಇಳಿಸಿದ ಸ್ಪ್ರಿಂಗ್, ಅದಕ್ಕೆ ಹೊಂದುವ ಶಾಕಪ್ ಸಾಕು. ನೋಡಲೂ ಚಂದ, ತಿರುವಿನಲ್ಲೂ ಚಂದ. ಇಂಡಿ, ಸಿಂದಗಿ, ಹುನಗುಂದದ ಹಳ್ಳಿಗಳಿಗೆ ದಿನಾ ಹೋಗುವವರು ಸ್ಪ್ರಿಂಗ್ ಮುಟ್ಟಬೇಡಿ. ಅದೇ ಮಾಡೆಲಿನ ಟಾಪ್ ಗಾಡಿಗೆ ಕಂಪನಿಯೇ ಕೊಡುವ ರಿಮ್ ಸೈಜ್ ಹಾಕಿ, ಬಣ್ಣ ಮತ್ತು ಡಿಸೈನ್‌ನಲ್ಲಿ ಅಂದ ತಂದುಕೊಳ್ಳಿ. ಟಯರಿನ ಗೋಡೆ 100 ಮಿಲಿಮೀಟರಿಗಿಂತ ಕಡಿಮೆ ಆಗದಂತೆ ನೋಡಿಕೊಂಡರೆ ನಮ್ಮ ರಸ್ತೆಗಳಲ್ಲಿ ರಿಮ್ ಉಳಿಯುವ ಸಂಭವ ಜಾಸ್ತಿ. 17 ಇಂಚು ಬೇಕೇ ಬೇಕು ಎನ್ನುವವರು ಸ್ಪ್ರಿಂಗ್ ಕಂಪನಿಯದೇ ಇಟ್ಟುಕೊಳ್ಳಿ. ಗಾಡಿ ಕೆಳಗೇ ಬೇಕು ಎನ್ನುವವರು ರಿಮ್ ಸಣ್ಣದು ಇಟ್ಟುಕೊಳ್ಳಿ. ಎರಡನ್ನೂ ಒಟ್ಟಿಗೆ ತೆಗೆದುಕೊಂಡ ಗಾಡಿಗಳೇ ನನ್ನ ಹತ್ತಿರ ಹೆಚ್ಚು ಬರುತ್ತವೆ.

ಕಾನೂನಿನ ಕಡೆಯೂ ಗಮನ ಇರಲಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ನೋಂದಣಿ ಪತ್ರದಲ್ಲಿರುವ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ರಿಮ್, ಸ್ಪ್ರಿಂಗ್ ಬದಲಿಸುವ ಮೊದಲು ವಿಮಾ ಕಂಪನಿಗೆ ಬರೆದು ತಿಳಿಸಿ, ಅವರ ಉತ್ತರ ಕೈಯಲ್ಲಿಟ್ಟುಕೊಳ್ಳಿ.

ರಿಪೇರಿ ಮುಗಿದು ಸಾವಿರ ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಟಯರಿನ ಒಳ ಅಂಚು, ನಡು, ಹೊರ ಅಂಚು ಮೂರರ ಆಳ ಅಳೆದು ಬರೆದಿಡಿ. ಶಾಕಪ್ ರಾಡಿನ ಟೈ ಎಲ್ಲಿದೆ ನೋಡಿ, ವೀಲ್ ನಟ್ಟುಗಳಿಗೆ ಟಾರ್ಕ್ ರೆಂಚ್ ಹಚ್ಚಿ. ಒಳ ಅಂಚು ಮಾತ್ರ ಒಂದು ಮಿಲಿಮೀಟರಿನಷ್ಟು ಜಾಸ್ತಿ ಸವೆದಿದ್ದರೆ ಟಯರ್ ಹಾಳಾಗುವವರೆಗೆ ಕಾಯದೆ ಆ ವಾರವೇ ಟೋ ಮತ್ತೆ ಹಿಡಿಸಿ.